ನಡುವೆ ನಿಂತ ಎಮ್ಮೆ

ಭತ್ತದ ಕೊಯ್ಲು ಮುಗಿದು ಹುಲ್ಲು ಬಣವೆ ಸೇರಿದ ಮೇಲೆಯೇ ಭದ್ರಾವತಿಯ ದನದ ಸಂತೆಗೆ ಜೀವ ಬರುವುದು. ಹಿತ್ತಿಲಲ್ಲಿ ಹುಲ್ಲು ಕಂಡವನಿಗೆ ಕೊಟ್ಟಿಗೆಗೆ ಇನ್ನೊಂದು ಬಾಯಿ ತರುವ ಧೈರ್ಯ ಬರುತ್ತದೆ. ಹುಲ್ಲು ಸಾಲದು ಎನಿಸಿದವನು ಇರುವುದರಲ್ಲಿ ಒಂದನ್ನು ದಾಟಿಸಲು ನೋಡುತ್ತಾನೆ. ಪುಷ್ಯ ಮಾಸದ ಆ ಬೆಳಿಗ್ಗೆ ನಾಲೆಯ ಕಡೆಯಿಂದ ಬಂದ ಮಂಜು ಇನ್ನೂ ಬಯಲಿನ ಮೇಲೆ ಕೂತಿತ್ತು. ಅದರೊಳಗೇ ಟೆಂಪೋಗಳ ಹಿಂಬಾಗಿಲು ಬಿಚ್ಚಿ ಎಮ್ಮೆಗಳನ್ನು ಇಳಿಸುತ್ತಿದ್ದರು. ಒಬ್ಬ ಗೂಟ ಹೊಡೆಯುತ್ತಿದ್ದ, ಇನ್ನೊಬ್ಬ ಕೋಡಿಗೆ ಎಣ್ಣೆ ತಿಕ್ಕುತ್ತಿದ್ದ, ಮತ್ತೊಬ್ಬ ಎಳೆಗರುವೊಂದನ್ನು ಎದೆಗೆ ಅವಚಿಕೊಂಡು ಅದರ ತಾಯಿಯನ್ನು ಹುಡುಕುತ್ತಿದ್ದ.

ರಂಗಪ್ಪ ಆಗಲೇ ಎರಡು ವ್ಯಾಪಾರ ಮುಗಿಸಿ ಮೂರನೆಯದಕ್ಕೆ ಕೈಹಾಕಿದ್ದ. ಅವನು ಸಂತೆಯ ದಳ್ಳಾಳಿ. ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ಬೆಲೆ ಕೂಡಿಸುವುದು ಅವನ ಕಸುಬು. ಬಂಡವಾಳವೆಂದರೆ ಹೆಗಲ ಮೇಲಿನ ಟವೆಲು ಮತ್ತು ಬಾಯಿಮಾತು. ಆ ಟವೆಲನ್ನು ಕೈಗಳ ಮೇಲೆ ಹೊದಿಸಿ, ಅದರಡಿ ಮಾರುವವನ ಬೆರಳು ಹಿಡಿದು ಬೆಲೆ ತಿಳಿದುಕೊಳ್ಳುತ್ತಾನೆ. ಹಾಗೆಯೇ ಕೊಳ್ಳುವವನ ಬೆರಳು ಹಿಡಿದು ತಿಳಿಸುತ್ತಾನೆ. ಸುತ್ತ ಎಷ್ಟು ಜನ ನಿಂತಿದ್ದರೂ ಬೆಲೆ ಮೂವರನ್ನು ಬಿಟ್ಟು ನಾಲ್ಕನೆಯವರಿಗೆ ತಿಳಿಯದು. ಹೆಂಗಸರು ಸಂತೆಗೆ ಬರತೊಡಗಿದ ಮೇಲೆ ಅವರ ಬೆರಳು ಹಿಡಿಯುವುದು ಹೇಗೆಂದು ಅವನಿಗೆ ಮುಜುಗರವಾಯಿತು. ಅದಕ್ಕೊಂದು ಉಪಾಯ ಮಾಡಿಕೊಂಡ. ಟವೆಲಿನಡಿ ಅಂಗೈಯಲ್ಲಿ ಒಂದಿಷ್ಟು ಹುಣಸೆ ಬೀಜ. ದೊಡ್ಡ ಬೀಜಕ್ಕೆ ಹತ್ತು ಸಾವಿರ, ಚಿಕ್ಕ ಬೀಜಕ್ಕೊಂದು ಸಾವಿರ. ಬೇಕಾದವರು ಹಾಕಬಹುದು, ಬೇಡವಾದವರು ತೆಗೆಯಬಹುದು.

ಹೆಂಗಸರು ಬರತೊಡಗಿದ್ದಕ್ಕೆ ಕಾರಣ ಫೋನು. ಹಿಂದೆ ಎತ್ತು ಮಾರಿದವನು ದುಡ್ಡನ್ನು ಒಳಚಡ್ಡಿಯ ಜೇಬಿಗೆ ಸೇರಿಸಿ, ಮೇಲೆ ಪಂಚೆ ಬಿಗಿದು, ಬಸ್ಸಿನಲ್ಲಿ ಪಕ್ಕದವನ ಮೊಣಕೈ ತಾಗಿದರೂ ಬೆಚ್ಚಿಬೀಳುತ್ತ ಊರು ಮುಟ್ಟಬೇಕಿತ್ತು. ಹೊನ್ನಾಳಿ ಕಡೆಯವನೊಬ್ಬ ಜೋಡಿ ಎತ್ತಿನ ದುಡ್ಡನ್ನು ಬಸ್ಸಿನಲ್ಲಿ ಕಳೆದುಕೊಂಡು, ಮತ್ತೆ ಸಂತೆಗೇ ಬಂದು, ಮಾರಿದ ಎತ್ತಿನ ಖಾಲಿ ಗೂಟದ ಹತ್ತಿರ ಕೂತು ಅತ್ತದ್ದನ್ನು ರಂಗಪ್ಪ ನೋಡಿದ್ದ. ಹೆಂಗಸರ ಕೈಗೆ ಅಷ್ಟು ನೋಟು ಕೊಟ್ಟು ಸಂತೆಗೆ ಕಳಿಸುವ ಮನೆ ಆಗ ಎಲ್ಲೂ ಇರಲಿಲ್ಲ. ಈಗ ದುಡ್ಡು ಫೋನಿನಲ್ಲೇ ದಾಟುತ್ತದೆ; ಹರಿದ ನೋಟಿನ ಜಗಳವಿಲ್ಲ, ಕಳ್ಳನೋಟಿನ ಭಯವಿಲ್ಲ. ಜೇಬುಗಳ್ಳರು ಸಂತೆಯನ್ನು ಬಿಟ್ಟು ಬೇರೆ ಕಸುಬು ಹಿಡಿದರೆಂದು ಕಾಣುತ್ತದೆ. ರಂಗಪ್ಪನಿಗೆ ಇದೆಲ್ಲ ಹಿಡಿಸಿತ್ತು. ಅವನು ಬದಲಾಯಿಸದೆ ಉಳಿಸಿಕೊಂಡದ್ದು ಒಂದೇ ಕಟ್ಟಳೆ: ಮೊದಲು ದುಡ್ಡು, ಆಮೇಲೆ ಹಗ್ಗ. ಮಾರಿದವರ ಕೈಯಿಂದ ಹಗ್ಗ ಕೊಂಡವರ ಕೈಗೆ ದಾಟಿತೆಂದರೆ ಮುಗಿಯಿತು. ಅಲ್ಲಿಂದ ಮುಂದೆ ಪ್ರಾಣಿಯ ಬದುಕು ಸಾವು ಕೊಂಡವರದು. ಹಗ್ಗವನ್ನು ವಾಪಸು ಕೇಳುವುದು ಸಂತೆಯಲ್ಲಿ ಇಲ್ಲ.

ಅವತ್ತು ಮಾರಲು ಬಂದವಳು ಕರಿಬಸಮ್ಮ, ನಾಲೆಯ ಆಚೆಯ ಹಳ್ಳಿಯವಳು. ಗುಂಡಗೆ ಸುತ್ತಿದ ಕೋಡಿನ, ಎರಡನೇ ಸೂಲಿನ ಎಮ್ಮೆ ಅವಳದು. ಜೊತೆಗೆ ತಿಂಗಳ ಕರು. ಮಾರುವುದಕ್ಕೆ ಕಷ್ಟವೇನೂ ಇರಲಿಲ್ಲ. ಮಂಡಿ ಬಗ್ಗದೆ ಎಮ್ಮೆಯ ಬುಡದಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಕೊಳ್ಳಲು ಬಂದವಳು ದಾಕ್ಷಾಯಣಮ್ಮ, ಶಿವಮೊಗ್ಗದವಳು. ಸವಳಂಗ ರಸ್ತೆಯ ಹಿಂದಿನ ಓಣಿಗಳಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ಫೋನಿನ ಕೆಲಸಕ್ಕೆಂದು ಸೊಸೆ ಸ್ಪಂದನಾಳನ್ನು ಕರೆದುಕೊಂಡು ಬಂದಿದ್ದಳು.

“ಹೊತ್ತಿಗೆ ಏಳು ಲೀಟರು ಅಂತೀಯಲ್ಲವ್ವಾ, ನೀರು ಸೇರಿ ಏಳೋ, ಸೇರದೆ ಏಳೋ?” ಎಂದು ದಾಕ್ಷಾಯಣಮ್ಮ ಕೆಚ್ಚಲು ಮುಟ್ಟಿ ನೋಡುತ್ತ ಕೇಳಿದಳು.

“ನೀರು ಸೇರ್ಸೋದು ಶಿವಮೊಗ್ಗಕ್ಕೆ ಹೋದ್ಮೇಲೆ,” ಎಂದಳು ಕರಿಬಸಮ್ಮ.

ರಂಗಪ್ಪ ನಗು ತಡೆದುಕೊಂಡು ಟವೆಲು ಹೊದಿಸಿದ. ಬೀಜ ಏರಿತು, ಇಳಿಯಿತು. ಕರಿಬಸಮ್ಮ ಎರಡು ಸಲ ಟವೆಲು ಕೊಡವಿ ಹೊರಟಂತೆ ಮಾಡಿದಳು. ದಾಕ್ಷಾಯಣಮ್ಮ ಎಮ್ಮೆಯ ಹಲ್ಲಿನ ಮೇಲೆ ಒಂದು ದೂರು ಹೇಳಿ ಮತ್ತೆ ಬಂದಳು. ಬಿಸಿಲು ಏರುವ ಹೊತ್ತಿಗೆ ಬೀಜ ನಿಂತಿತು. ಟವೆಲಿನಡಿ ಬೆಲೆ ಕೂತಿತು.

“ಅತ್ತೇ, ಎಪ್ಪತ್ತೆರಡು ಸಾವ್ರ ಹಾಕ್ಲಾ?” ಎಂದು ಸ್ಪಂದನಾ ಸಂತೆಗೆಲ್ಲ ಕೇಳುವಂತೆ ಕೇಳಿದಳು.

ಅಕ್ಕಪಕ್ಕದ ನಾಲ್ಕು ಗೂಟದವರು ತಿರುಗಿ ನೋಡಿದರು. ಒಬ್ಬ ತನ್ನ ಎಮ್ಮೆಯನ್ನೂ ಇದನ್ನೂ ಒಮ್ಮೆ ಅಳೆದು, ತನ್ನ ಬೆಲೆಯನ್ನು ಅಲ್ಲೇ ಏರಿಸಿಕೊಂಡಂತೆ ಮೀಸೆ ತಿರುವಿದ.

“ಮೈಕ್ ತರಿಸ್ಲೇನವ್ವಾ?” ಎಂದ ರಂಗಪ್ಪ. “ಇಷ್ಟೊತ್ತು ನಾನು ಈ ಟವೆಲ್ ಯಾಕೆ ಹೊದ್ಕೊಂಡು ಕೂತಿದ್ದೆ, ಚಳಿ ಅಂತಾನಾ?”

ಸ್ಪಂದನಾ ನಾಲಿಗೆ ಕಚ್ಚಿಕೊಂಡಳು. ಆದರೆ ಆ ಒಂದು ಮಾತಿನಿಂದ ಸುತ್ತ ಜನ ಮುತ್ತಿ ಗದ್ದಲವಾಯಿತು. ರಂಗಪ್ಪನಿಗೆ ಇದನ್ನು ಬೇಗ ಮುಗಿಸಿ ಇವರನ್ನು ಸಾಗಹಾಕಿದರೆ ಸಾಕೆನಿಸಿತು. ಸ್ಪಂದನಾ ಫೋನನ್ನು ಎತ್ತರಕ್ಕೆ ಹಿಡಿದು, ಸಿಗ್ನಲ್ ಸಿಗದೆ ಟೆಂಪೋದ ಚಕ್ರದ ಮೇಲೆ ಹತ್ತಿ ನಿಂತು, ಕೊನೆಗೆ “ಹೋಯ್ತು” ಎಂದಳು. ಬ್ಯಾಂಕಿನಿಂದ ದುಡ್ಡು ಕಡಿತವಾದ ಮೆಸೇಜು ಬಂದಿತ್ತು, ಅದನ್ನು ತೋರಿಸಿದಳು. ಅಂಕಿ ಸರಿಯಾಗಿತ್ತು. ರಂಗಪ್ಪ ಕರಿಬಸಮ್ಮನ ಕೈಯಿಂದ ಹಗ್ಗ ತೆಗೆದು, ಟವೆಲಿನ ತುದಿಯಲ್ಲಿ ಹಿಡಿದು, ದಾಕ್ಷಾಯಣಮ್ಮನ ಕೈಗೆ ಇಟ್ಟುಬಿಟ್ಟ. ಅವಳು ಎಮ್ಮೆಯ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಕರಿಬಸಮ್ಮ ತನ್ನ ಫೋನು ಹಿಡಿದುಕೊಂಡೇ ಇದ್ದಳು. ಅದು ಮಾತಾಡಲಿಲ್ಲ. ಟೀ ಬಂತು, ಕುಡಿದಾಯಿತು. ಫೋನು ಮಾತಾಡಲಿಲ್ಲ.

“ನಂಗೆ ಬಂದಿಲ್ಲ ಕಣಣ್ಣಾ,” ಎಂದಳು.

“ಬರುತ್ತೆ ತಡಿ. ಸಂತೆ ಗದ್ದಲ.”

ಸ್ಪಂದನಾ ಮತ್ತೆ ನೋಡಿದಳು. ಅವಳ ಮುಖ ಸಣ್ಣಗಾಯಿತು. “ಪೆಂಡಿಂಗ್ ಅಂತ ತೋರಿಸ್ತಿದೆ,” ಎಂದಳು, ಈ ಸಲ ಬಹಳ ಮೆಲ್ಲಗೆ.

ಕರಿಬಸಮ್ಮ ಎದ್ದು ಬಂದು ಹಗ್ಗಕ್ಕೆ ಕೈಹಾಕಿದಳು. “ದುಡ್ಡು ಬರೋ ತನಕ ಎಮ್ಮೆ ನಂದು.”

“ನನ್ನ ಅಕೌಂಟ್ ಖಾಲಿ ಆಗೈತೆ ಮಾರಾಯ್ತಿ,” ಎಂದಳು ದಾಕ್ಷಾಯಣಮ್ಮ, ಹಗ್ಗ ಬಿಡದೆ. “ದುಡ್ಡೂ ಇಲ್ಲ, ಎಮ್ಮೇನೂ ಇಲ್ಲ ಅಂದ್ರೆ ನಾನೇನು ಬರೀ ಹಗ್ಗ ಹಿಡ್ಕೊಂಡು ಶಿವಮೊಗ್ಗಕ್ಕೆ ಹೋಗ್ಲಾ?”

“ನಾನು ಎಮ್ಮೆ ಕೊಟ್ಟು ಬರೀ ಫೋನ್ ಹಿಡ್ಕೊಂಡು ಊರಿಗೆ ಹೋಗ್ಲಾ?”

ಇಬ್ಬರೂ ರಂಗಪ್ಪನ ಮುಖ ನೋಡಿದರು. ಸುತ್ತ ನಿಂತವರೂ ನೋಡಿದರು. ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು. ದುಡ್ಡು ಹೋದದ್ದನ್ನು ನೋಡಿದ್ದ, ಬಂದದ್ದನ್ನು ನೋಡಿರಲಿಲ್ಲ. ನೋಟಿನ ಕಾಲದಲ್ಲಿ ಒಬ್ಬರ ಕೈಯಿಂದ ಹೋದದ್ದು ಇನ್ನೊಬ್ಬರ ಕೈಗೆ ಬಂದೇ ತೀರುತ್ತಿತ್ತು. ಆ ಅಭ್ಯಾಸದ ಮೇಲೆ ಹಗ್ಗ ದಾಟಿಸಿದ್ದ. ಅವನು ಇಬ್ಬರ ಕೈಯನ್ನೂ ಸರಿಸಿ ಹಗ್ಗವನ್ನು ತಾನೇ ಹಿಡಿದುಕೊಂಡ.

“ದುಡ್ಡು ಒಂದು ಕಡೆ ಸೇರೋ ತನಕ ಎಮ್ಮೆ ನಂದು. ಕಾಲು ಮುರಿದ್ರೂ ನಂದು, ಸತ್ರೂ ನಂದು. ದುಡ್ಡು ಬರ್ಲೇ ಇಲ್ಲ ಅಂದ್ರೆ ಕರಿಬಸಮ್ಮನ ಎಪ್ಪತ್ತೆರಡು ಸಾವ್ರ ನಾನು ಕೊಡ್ತೀನಿ. ಆಯ್ತಾ?”

ಅಷ್ಟು ದುಡ್ಡು ಅವನ ಹತ್ತಿರ ಯಾವ ರೂಪದಲ್ಲೂ ಇರಲಿಲ್ಲ. ಇರುವುದು ಮನೆ, ಮನೆಯ ಹಿಂದಿನ ಒಂದು ತುಂಡು ಹಿತ್ತಿಲು. ಆದರೆ ಮಾತು ತಪ್ಪಿದ ದಳ್ಳಾಳಿಯ ಟವೆಲಿನೊಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ.

ಸಂತೆ ಬಯಲಿನ ಹಿಂದೆಯೇ ಅವನ ಮನೆ. ಎಮ್ಮೆಯನ್ನೂ ಕರುವನ್ನೂ ಹಿತ್ತಿಲಿನ ಹುಣಸೆ ಮರಕ್ಕೆ ಬೇರೆಬೇರೆ ಕಟ್ಟಿ, ಹೆಂಡತಿ ದುರ್ಗಮ್ಮನಿಗೆ ಒಪ್ಪಿಸಿ, ಎರಡೂ ಕಡೆಯವರನ್ನು ಕರೆದುಕೊಂಡು ಬ್ಯಾಂಕಿಗೆ ಹೋದ. ಅಲ್ಲಿ ಕನ್ನಡಕದ ಹುಡುಗನೊಬ್ಬ ಕಂಪ್ಯೂಟರು ನೋಡಿ, “ಇವ್ರ ಅಕೌಂಟಿಂದ ಹೋಗಿದೆ. ಅವ್ರಿಗೆ ಸೇರಿಲ್ಲ,” ಎಂದ.

“ಹಂಗಾದ್ರೆ ಎಲ್ಲೈತೆ ಸಾರ್?”

“ಮಧ್ಯದಲ್ಲಿದೆ.”

“ಮಧ್ಯದಲ್ಲಿ ಅಂದ್ರೆ ಯಾರ ಕೈಲಿ? ಒಬ್ಬ ಮನುಷ್ಯ ಇರ್ಬೇಕಲ್ಲ ಸಾರ್. ನಾನೂ ಮಧ್ಯದವನೇ. ಏನಾದ್ರೂ ಆದ್ರೆ ನನ್ನ ಮನೆ ಬಾಗಿಲಿಗೆ ಬರ್ತಾರೆ.”

ಹುಡುಗ ನಕ್ಕ. ಕೊಂಕಿನ ನಗುವಲ್ಲ. “ಮನುಷ್ಯ ಯಾರೂ ಇಲ್ಲ ಯಜಮಾನ್ರೇ, ಸಿಸ್ಟಮ್ ಅಷ್ಟೇ. ಹೆದರ್ಬೇಡಿ, ದುಡ್ಡು ಎಲ್ಲೂ ಹೋಗಲ್ಲ. ಒಂದೋ ಅವ್ರಿಗೆ ಸೇರುತ್ತೆ, ಇಲ್ಲಾಂದ್ರೆ ಇವ್ರಿಗೆ ವಾಪಸ್ ಬರುತ್ತೆ. ಸಾಯಂಕಾಲ ಆಗ್ಬಹುದು, ಸೋಮವಾರನೂ ಆಗ್ಬಹುದು.”

“ಸೋಮವಾರದ ತನಕ ಎಮ್ಮೆ ಹಾಲು ಬಿಡದೆ ಇರುತ್ತಾ?”

“ಅದು ನಮ್ಮ ಬ್ರಾಂಚಿಗೆ ಬರಲ್ಲ,” ಎಂದ ಹುಡುಗ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ರಂಗಪ್ಪನಿಗೂ ನಗು ಬಂತು, ಬಾಗಿಲು ದಾಟುವ ತನಕ ಮಾತ್ರ.

ಕರಿಬಸಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದ ತಂಗಿಯ ಮನೆಗೆ ಹೋದಳು. ದಾಕ್ಷಾಯಣಮ್ಮನೂ ಸೊಸೆಯೂ ಬಾಡಿಗೆ ಟೆಂಪೋದಲ್ಲೇ ಕೂತರು. ಕಾಯುವುದಕ್ಕೂ ದುಡ್ಡು ಕೇಳುತ್ತಾನೆಂದು ಡ್ರೈವರಿಗೆ ಬೈಯುತ್ತ, ಅವನಿಗೇ ಊಟ ಕೊಡಿಸಿದರು. ರಂಗಪ್ಪ ಮನೆಗೆ ಬಂದು ಎಮ್ಮೆಯ ಎದುರು ಕೂತ. ಅದು ಹುಲ್ಲು ಮೂಸಿ ಬಿಟ್ಟಿತ್ತು. ಹೊಸ ಜಾಗ, ಹೊಸ ಜನ. ಬಿಸಿಲು ಇಳಿಯುತ್ತಿದ್ದಂತೆ ಕೆಚ್ಚಲು ಬಿಗಿಯುತ್ತ ಬಂತು, ಮೊಲೆಗಳು ಪಕ್ಕಕ್ಕೆ ಚಾಚಿ ನಿಂತವು. ದುರ್ಗಮ್ಮ ಬಿಂದಿಗೆ ಹಿಡಿದು ಬುಡದಲ್ಲಿ ಕೂತಳು. ಎಮ್ಮೆ ಒಂದೇ ಒದೆತಕ್ಕೆ ಬಿಂದಿಗೆಯನ್ನು ಬಚ್ಚಲ ತನಕ ಕಳಿಸಿತು.

“ನನ್ನ ಕೈಲಾಗಲ್ಲ,” ಎಂದಳು ದುರ್ಗಮ್ಮ, ಸೀರೆ ಕೊಡವುತ್ತ. “ಹಾಲು ಮೇಲಕ್ಕೆ ಎಳ್ಕೊಂಡೈತೆ. ಸಂತೆಗೆ ಕೆಚ್ಚಲು ತುಂಬಿ ಕಾಣ್ಲಿ ಅಂತ ಬೆಳಿಗ್ಗೆನೂ ಅರ್ಧ ಕರೆಯದೆ ಬಿಟ್ಟವ್ರೆ. ಈ ಹೊತ್ತು ತಪ್ಪಿದ್ರೆ ಕೆಚ್ಚಲು ಬಾವು ಬರುತ್ತೆ, ನೋಡ್ತಿರು.”

“ಕರು ಬಿಡೋಣ್ವಾ?”

“ಅಷ್ಟೂ ಕುಡಿದ್ರೆ ಕರು ಭೇದಿ ಆಗಿ ಸಾಯುತ್ತೆ. ಆಗ ಅದರ ಲೆಕ್ಕನೂ ನಿಂದೇ.”

ಬಾವು ಬಂದ ಎಮ್ಮೆಗೆ ಸಂತೆಯಲ್ಲಿ ಅರ್ಧ ಬೆಲೆಯೂ ಇಲ್ಲ. ದುಡ್ಡು ಯಾರಿಗೆ ಸೇರಿದರೂ ಆಮೇಲೆ ಈ ಎಮ್ಮೆಯನ್ನು ಇಬ್ಬರೂ ಮುಟ್ಟುವುದಿಲ್ಲ. ಅವನು ಕರಿಬಸಮ್ಮನಿಗೆ ಫೋನು ಮಾಡಿದ.

“ಒಂದು ಗಳಿಗೆ ಬಂದು ಹಾಲು ಕರೆದು ಹೋಗವ್ವಾ.”

“ಬರಲ್ಲ ಕಣಣ್ಣಾ. ನಾನು ಕರೆದೆ ಅಂದ್ರೆ ಎಮ್ಮೆ ಇನ್ನೂ ನಂದು ಅಂತ ಆಯ್ತು. ನಾಳೆ ಅವಳು, ನೀನೇ ಹಾಲು ಕರ್ಕೊಂಡೆ, ನನ್ನ ದುಡ್ಡು ನೀನೇ ಕೊಡು ಅಂದ್ರೆ?”

ಟೆಂಪೋದ ಹತ್ತಿರ ಹೋಗಿ ದಾಕ್ಷಾಯಣಮ್ಮನನ್ನು ಕೇಳಿದ. ಅವಳದೂ ಅದೇ ರಾಗ. “ನಾನು ಕರೆದ್ರೆ ಎಮ್ಮೆ ನಾನು ಇಸ್ಕೊಂಡೆ ಅಂತ ಆಯ್ತು. ಅವಳಿಗೆ ದುಡ್ಡು ಸೇರದೇ ಹೋದ್ರೆ ಎರಡನೇ ಸಲ ಯಾರು ಕೊಡೋದು? ಅಲ್ಲಿ ಶಿವಮೊಗ್ಗದಲ್ಲಿ ಮನೆಗಳೋರು ಪಾತ್ರೆ ಹಿಡ್ಕೊಂಡು ಕಾಯ್ತಿರ್ತಾರೆ, ನನ್ನ ಗೋಳು ನನಗೆ.”

ರಂಗಪ್ಪ ಬರಿಗೈಯಲ್ಲಿ ಹಿತ್ತಿಲಿಗೆ ಮರಳಿದ. ಎಮ್ಮೆ ಹಿಂಗಾಲು ಅಗಲಿಸಿ ನಿಂತು ಒಮ್ಮೆ ಕೂಗಿತು. ಕರು ಉತ್ತರ ಕೊಟ್ಟಿತು. ಅವನು ಕೆಚ್ಚಲಿನ ಮೇಲೆ ಕೈಯಿಟ್ಟು ನೋಡಿದ. ಬಿಸಿಯಾಗಿತ್ತು. ಎಷ್ಟೋ ಎಮ್ಮೆಗಳ ಕೆಚ್ಚಲು ಮುಟ್ಟಿ ಬೆಲೆ ಹೇಳಿದ್ದ ಕೈ ಅದು, ಕರೆಯಲು ಬರುತ್ತಿರಲಿಲ್ಲ.

ಆ ಕೂಗು ಕ್ವಾರ್ಟರ್ಸಿನ ತನಕ ಕೇಳುವಂಥದ್ದಲ್ಲ. ಆದರೂ ಸ್ವಲ್ಪ ಹೊತ್ತಿಗೆ ಆಟೋ ಬಂದು ನಿಂತು, ಕರಿಬಸಮ್ಮ ಮಂಡಿ ಹಿಡಿದುಕೊಂಡು ಇಳಿದಳು. ಯಾರ ಮುಖವನ್ನೂ ನೋಡಲಿಲ್ಲ.

“ತಂಗಿ ಮನೇಲಿ ಕಾಫಿ ಕೊಟ್ಟಳು. ಬಾಯಿಗಿಟ್ರೆ ಇಳಿಯಲ್ಲ. ಕರೆಯೋ ಹೊತ್ತಾಯ್ತು ಅಂತ ಕೈಗೆ ಗೊತ್ತು, ನಾನೇನು ಮಾಡ್ಲಿ,” ಎಂದಳು. “ಆದ್ರೆ ರಂಗಣ್ಣ, ಮೊದ್ಲೇ ಹೇಳ್ತೀನಿ. ಕರೆದ್ರೂ ಎಮ್ಮೆ ನಂದಲ್ಲ.”

“ನಿಂದಲ್ಲ. ಹಗ್ಗ ನನ್ನ ಹತ್ರ ಐತೆ. ಎಮ್ಮೆ ನಂದು, ಹಾಲೂ ನಂದು. ನೀನು ಕೂಲಿಗೆ ಕರೀತಿದ್ದೀಯ, ಸಾಕಾ?”

“ಕೂಲಿ ಎಷ್ಟು ಕೊಡ್ತೀಯ?”

“ಮೊದ್ಲು ಕರಿ ಮಾರಾಯ್ತಿ.”

ಅವಳಿಗೆ ಕೂರಲು ಆಗಲಿಲ್ಲ. ದುರ್ಗಮ್ಮ ಒಳಗಿನಿಂದ ಮಣೆ ತಂದು, ಅದರ ಮೇಲೆ ಇನ್ನೊಂದು ಮಣೆ ಇಟ್ಟಳು. ಕರಿಬಸಮ್ಮ ಅದರ ಮೇಲೆ ಕೂತು ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿ, ಏನೋ ಗೊಣಗುತ್ತ ಕೆಚ್ಚಲು ನೀವಿದಳು. ಕರು ಬಿಟ್ಟು ಹಾಲು ಇಳಿಯುವಂತೆ ಸೊರೆಸಬೇಕಿತ್ತು, ಆಮೇಲೆ ಎಳೆದು ಹಿಡಿಯಬೇಕಿತ್ತು. ರಂಗಪ್ಪ ಹಗ್ಗ ಬಿಡುವಂತಿರಲಿಲ್ಲ. ದುರ್ಗಮ್ಮ ಈಗಾಗಲೇ ಒದೆ ತಿಂದಿದ್ದಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ನೋಡುತ್ತಿದ್ದ ದಾಕ್ಷಾಯಣಮ್ಮ ಒಳಗೆ ಬಂದು ಕರುವಿನ ಕುತ್ತಿಗೆ ಹಿಡಿದುಕೊಂಡಳು.

“ಕರು ಹಿಡಿದೆ ಅಂತ ನಂದು ಅಂತಲ್ಲ,” ಎಂದಳು.

“ಯಾರದೂ ಅಲ್ಲ, ಹಿಡ್ಕೊ,” ಎಂದ ರಂಗಪ್ಪ.

ಮೊದಲ ಧಾರೆ ಬಿಂದಿಗೆಯ ತಳಕ್ಕೆ ಬಿದ್ದು ಸದ್ದಾಯಿತು. ಆಮೇಲೆ ನೊರೆ ಏರಿ ಸದ್ದು ಮೆತ್ತಗಾಯಿತು. ಎಮ್ಮೆ ಕಣ್ಣು ಅರೆಮುಚ್ಚಿ, ಬೆಳಿಗ್ಗೆಯಿಂದ ಮೂಸಿ ಬಿಟ್ಟಿದ್ದ ಹುಲ್ಲಿಗೆ ಬಾಯಿ ಹಾಕಿತು. ರಂಗಪ್ಪನಿಗೆ ದುಡ್ಡಿನ ಚಿಂತೆ ಇದ್ದೇ ಇತ್ತು, ಎಮ್ಮೆಯದು ಹೋಯಿತು. ಬಿಂದಿಗೆ ತುಂಬಿ, ದುರ್ಗಮ್ಮ ಇನ್ನೊಂದು ಪಾತ್ರೆ ತಂದಳು.

“ಏಳಕ್ಕಿಂತ ಜಾಸ್ತಿನೇ ಐತಲ್ಲ,” ಎಂದಳು ದಾಕ್ಷಾಯಣಮ್ಮ, ಪಾತ್ರೆಯೊಳಗೆ ಬಗ್ಗಿ ನೋಡುತ್ತ.

“ಬೆಳಿಗ್ಗೆದೂ ಸೇರಿ ಜಾಸ್ತಿ. ದಿನಾ ಏಳೇ. ಸುಳ್ಳು ಯಾಕೆ ಹೇಳ್ಲಿ?”

ಆಗ ಸ್ಪಂದನಾಳ ಫೋನು ಸದ್ದು ಮಾಡಿತು. ಅವಳು ಓದಿದಳು, ಮತ್ತೆ ಓದಿದಳು. ಅತ್ತೆಯ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದಳು. ಬೆಳಿಗ್ಗೆ ಗಟ್ಟಿಯಾಗಿ ಹೇಳಿದ್ದಕ್ಕೆ ಆದ ಅವಮಾನ ಅವಳಿಗೆ ಮರೆತಿರಲಿಲ್ಲ. ಹಾಗಾಗಿ ಹಿತ್ತಿಲಿನಲ್ಲಿದ್ದವರಿಗೆಲ್ಲ ಗೊತ್ತಾದದ್ದು ಇಷ್ಟೇ: ಏನೋ ಬಂದಿದೆ, ಅದು ಅತ್ತೆ ಸೊಸೆಯರ ನಡುವೆ ಇದೆ. ರಂಗಪ್ಪನ ಕೈ ಹಗ್ಗದ ಮೇಲೆ ಬಿಗಿಯಾಯಿತು.

ದಾಕ್ಷಾಯಣಮ್ಮ ಕರುವನ್ನು ಬಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

“ನನ್ನ ದುಡ್ಡು ನನಗೇ ವಾಪಸ್ ಬಂತು ರಂಗಣ್ಣ. ಅಷ್ಟೂ ಬಂತು,” ಎಂದಳು.

ರಂಗಪ್ಪ ಹುಣಸೆ ಮರಕ್ಕೆ ಒರಗಿ ನಿಂತ. ಮನೆ ಉಳಿಯಿತು, ಹಿತ್ತಿಲು ಉಳಿಯಿತು. ದುರ್ಗಮ್ಮ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

“ಈಗ ಇಬ್ರಿಗೂ ಋಣ ಇಲ್ಲ,” ಎಂದ ಅವನು ಕೊನೆಗೆ. “ದುಡ್ಡು ಇವಳ ಹತ್ರ, ಎಮ್ಮೆ ನನ್ನ ಹತ್ರ. ಬೇಡ ಅನ್ನೋರು ಈಗ್ಲೇ ಬೇಡ ಅಂದ್ಬಿಡಿ. ಬೆಲೆ ಏರ್ಸೋದಿದ್ರೆ ಅದನ್ನೂ ಈಗ್ಲೇ ಹೇಳಿ. ಟವೆಲ್ ಹಾಕ್ಲಾ?”

ಕರಿಬಸಮ್ಮ ಪಾತ್ರೆಯ ನೊರೆ ನೋಡಿದಳು. ಅಷ್ಟು ಹಾಲನ್ನು ಕೊಳ್ಳುವವಳೇ ಕಣ್ಣಾರೆ ಕಂಡಾಗಿತ್ತು. ಇನ್ನೆರಡು ಚಿಕ್ಕ ಬೀಜ ಹಾಕಿದ್ದರೂ ದಾಕ್ಷಾಯಣಮ್ಮ ಸುಮ್ಮನೆ ಒಪ್ಪುತ್ತಿದ್ದಳೇನೋ.

“ಟವೆಲ್ ಯಾಕೆ, ಇವಳ ಸೊಸೆ ಬೆಳಿಗ್ಗೆನೇ ಊರಿಗೆಲ್ಲ ಹೇಳಾಯ್ತಲ್ಲ,” ಎಂದಳು. “ಅದೇ ಬೆಲೆ. ಮತ್ತೆ ಬಗ್ಗಿ ಕೂರಕ್ಕೆ ನನ್ನ ಕೈಲಾಗಲ್ಲ.”

ಸ್ಪಂದನಾ ಈ ಸಲ ಮೊದಲು ಒಂದೇ ಒಂದು ರೂಪಾಯಿ ಕಳಿಸಿದಳು. ಕರಿಬಸಮ್ಮನ ಫೋನು ತಕ್ಷಣ ಸದ್ದು ಮಾಡಿತು. ಆಮೇಲೆ ಉಳಿದದ್ದು ಕಳಿಸಿದಳು. ಐದು ಜನ ಎರಡು ಫೋನುಗಳ ಸುತ್ತ ಬಗ್ಗಿ ನಿಂತರು. ಟೆಂಪೋ ಡ್ರೈವರೂ ಬಂದು ಸೇರಿದ್ದ. ಸ್ಪಂದನಾಳ ಫೋನಿಗೆ ದುಡ್ಡು ಕಡಿತವಾದ ಮೆಸೇಜು ಬಂತು. ರಂಗಪ್ಪ ಅದರ ಕಡೆ ನೋಡಲೇ ಇಲ್ಲ. ಅವನ ಕಣ್ಣು ಕರಿಬಸಮ್ಮನ ಫೋನಿನ ಮೇಲಿತ್ತು. ಅದು ಸದ್ದು ಮಾಡಿತು. ಕರಿಬಸಮ್ಮ ಅಂಕಿಯನ್ನು ಬೆರಳಿಟ್ಟು ಓದಿ, ಹೌದೆಂದು ತಲೆಯಾಡಿಸಿದಳು.

“ನೀನು ಇನ್ನೊಂದ್ಸಲ ಓದು,” ಎಂದ ರಂಗಪ್ಪ ಸ್ಪಂದನಾಳಿಗೆ. “ಗಟ್ಟಿಯಾಗೇ ಓದು ಈಗ, ಪರ್ವಾಗಿಲ್ಲ.”

ಅವಳು ಓದಿದಳು. ಅವನು ಟವೆಲಿನ ತುದಿಯಲ್ಲಿ ಹಗ್ಗ ಹಿಡಿದು ದಾಕ್ಷಾಯಣಮ್ಮನ ಕೈಗೆ ದಾಟಿಸಿದ. ಕರಿಬಸಮ್ಮ ಎಮ್ಮೆಯ ಬೆನ್ನ ಮೇಲೊಮ್ಮೆ ಕೈಯಾಡಿಸಿ, ಹಿಂದಿರುಗಿ ನೋಡದೆ ಆಟೋ ಹತ್ತಿದಳು. ಅವಳ ಮುಖದಲ್ಲಿ ಅಳುವಿರಲಿಲ್ಲ; ಮಂಡಿಗೆ ಇನ್ನು ಬಿಡುವು ಸಿಕ್ಕಿತೆಂಬ ಸಮಾಧಾನ ಇತ್ತು.

ಎಮ್ಮೆಯೂ ಕರುವೂ ಟೆಂಪೋ ಏರಿದ ಮೇಲೆ ದಾಕ್ಷಾಯಣಮ್ಮ ಕ್ಯಾನು ಹಿಡಿದು ಹಿತ್ತಿಲಿಗೆ ಬಂದಳು. ಹಾಲು ಇನ್ನೂ ಅಲ್ಲೇ ಇತ್ತು.

“ಇದು ನಿನ್ನದು,” ಎಂದಳು. “ಹಗ್ಗ ನಿನ್ನ ಕೈಲಿದ್ದಾಗ ಕರೆದಿದ್ದು. ಆದ್ರೆ ನಂಗೆ ಬೇಕು. ಶಿವಮೊಗ್ಗದಲ್ಲಿ ಮನೆಗಳು ಕಾಯ್ತಿದಾವೆ. ಏನು ಬೆಲೆ ಹೇಳು.”

ರಂಗಪ್ಪ ದುರ್ಗಮ್ಮನ ಕಡೆ ನೋಡಿದ. ಅವಳು ಕಾಫಿಗಾಗುವಷ್ಟನ್ನು ಚಿಕ್ಕ ಪಾತ್ರೆಗೆ ಬಗ್ಗಿಸಿಕೊಂಡು ಉಳಿದದ್ದನ್ನು ಕ್ಯಾನಿಗೆ ಸುರಿದಳು.

“ತಗೊಂಡು ಹೋಗು.”

“ಬಿಟ್ಟಿ ಬೇಡ ರಂಗಣ್ಣ. ಸ್ಪಂದನಾ, ಇವರ ನಂಬರ್ ಕೇಳು, ಈಗ್ಲೇ ಕಳಿಸು.”

“ಬೇಡ ತಾಯಿ,” ಎಂದ ರಂಗಪ್ಪ, ಎರಡೂ ಕೈ ಮುಗಿದು. “ಇವತ್ತಿಗೆ ನನ್ನ ನಂಬರಿಗೆ ಏನೂ ಕಳಿಸ್ಬೇಡ. ಮತ್ತೆ ಮಧ್ಯದಲ್ಲಿ ನಿಂತ್ರೆ ನಾನು ನಿದ್ದೆ ಮಾಡಲ್ಲ. ಬಾಕಿ ಇರ್ಲಿ.”

“ಎಷ್ಟು ದಿನ?”

“ಇರ್ಲಿ ಬಿಡು.”

ಟೆಂಪೋ ಶಿವಮೊಗ್ಗದ ದಾರಿ ಹಿಡಿಯಿತು. ಹಿಂದಿನಿಂದ ಕರು ಒಮ್ಮೆ ಕೂಗಿದ್ದು ಕೇಳಿಸಿತು. ರಂಗಪ್ಪ ಹುಣಸೆ ಮರದ ಬುಡದಲ್ಲಿ ಕೂತು ಕಾಫಿ ಕುಡಿದ. ಹಾಲು ದಪ್ಪಗಿತ್ತು. ಆ ಬಾಕಿಯನ್ನು ದಾಕ್ಷಾಯಣಮ್ಮ ಆಮೇಲೆ ಎಷ್ಟೋ ಸಂತೆಗಳಲ್ಲಿ ನೆನಪಿಸಿದಳು, ಅವನು ತೆಗೆದುಕೊಳ್ಳಲೇ ಇಲ್ಲ.